ಬಾಲದ ಮೇಲೆ ಕುಳಿತ ವಿಮಾನ

2023ನೆಯ ಇಸವಿ ಆಗಸ್ಟ್ ತಿಂಗಳ 20ನೆಯ ದಿನ, ಭಾನುವಾರ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ವದ್ದಿಕೆರೆ ಗ್ರಾಮದ ಹೊರಗಿನ ಹೊಲವೊಂದರಲ್ಲಿ ವಿಮಾನವೊಂದು ಬಂದು ಬಿದ್ದಿತು. ಅದರೊಳಗೆ ಚಾಲಕನಿರಲಿಲ್ಲ, ಪ್ರಯಾಣಿಕರೂ ಇರಲಿಲ್ಲ. ನೆಲದಿಂದಲೇ ನಿಯಂತ್ರಿಸಬಹುದಾದ 'ತಪಸ್' ಎಂಬ ಆ ಮಾನವರಹಿತ ವಿಮಾನವನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯವರು ನಿರ್ಮಿಸಿ, ಪರೀಕ್ಷೆಗೆಂದು ಹಾರಿಸಿದ್ದರು. ಪುಣ್ಯವಶಾತ್ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಸುದ್ದಿಯು ಅದೇ ತಾಲ್ಲೂಕಿನ ನಮ್ಮ ಆದಿವಾಲವನ್ನು ಮುಟ್ಟುವ ವೇಳೆಗೆ ಬಾಯಿಂದ ಬಾಯಿಗೆ ಬೆಳೆದು, ವಿಮಾನವು ಮೂರು ಪಟ್ಟು ದೊಡ್ಡದಾಗಿತ್ತು.

ಮರುದಿನ ಸಂಜೆ ನೆರೆಮನೆಯ ಹುಡುಗಿ ನಮ್ಮ ಜಗಲಿಗೆ ಬಂದಳು. ಅವಳು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. "ಸಾರ್, ಅದು ನಮ್ಮ ದೇಶದವರೇ ಮಾಡಿದ ವಿಮಾನವಂತೆ. ಬೀಳುವ ವಿಮಾನವನ್ನು ಏಕೆ ಹಾರಿಸಿದರು? ಮೊದಲೇ ಸರಿಯಾಗಿ ಮಾಡಬಹುದಿತ್ತಲ್ಲವೇ?" ಎಂದು ಕೇಳಿದಳು. ಅವಳ ದನಿಯಲ್ಲಿ ಕುತೂಹಲಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ನಮ್ಮ ಮನೆಯ ಹುಡುಗನೊಬ್ಬ ಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ ಆಗುವಂಥ ನಾಚಿಕೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ವಿಮಾನಗಳ ವಿಷಯ ತಿಳಿದಿದ್ದುದು ಅಷ್ಟಕ್ಕಷ್ಟೆ. "ಮೂಲಮಾದರಿ ಎಂದರೆ ಹಾಗೆಯೇ ಅಮ್ಮ" ಎಂದೇನೋ ಹೇಳಿ ಅಂದು ತಪ್ಪಿಸಿಕೊಂಡೆ. ಅವಳ ಪ್ರಶ್ನೆಗೆ ನಿಜವಾದ ಉತ್ತರ ದೊರೆತದ್ದು ಕೆಲವು ತಿಂಗಳುಗಳ ಬಳಿಕ. ಅದನ್ನು ಕೊಟ್ಟದ್ದು ಗೇಣುದ್ದದ ಒಂದು ಆಟದ ವಿಮಾನ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತಾನೊಂದು ವಿಮಾನದ ಮಾದರಿಯನ್ನು ಮಾಡಬೇಕೆಂದು ಅವಳು ನಿಶ್ಚಯಿಸಿದಳು. ಯಾವ ವಿಮಾನ? ಹಿಂದಿನ ವರ್ಷ ಶಾಲೆಯ ಪ್ರವಾಸದಲ್ಲಿ ಬೆಂಗಳೂರಿಗೆ ಹೋದಾಗ, ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದ ಯುದ್ಧವಿಮಾನವೊಂದನ್ನು ಅವಳು ನೋಡಿದ್ದಳು. ಅದೇ 'ಎಚ್.ಎಫ್.-24 ಮರುತ್'. ಮರುತ್ ಎಂದರೆ ಗಾಳಿ. ಗಾಳಿಯ ಮಗನಾದ್ದರಿಂದಲೇ ನಮ್ಮ ಊರೂರ ಹನುಮಂತರಾಯನಿಗೆ ಮಾರುತಿ ಎಂಬ ಹೆಸರು. ಹನುಮಂತನ ಗುಡಿಯಿಲ್ಲದ ಊರು ನಮ್ಮ ಸೀಮೆಯಲ್ಲಿ ಅಪರೂಪ. ಆದರೆ ಅವನ ತಂದೆಯ ಹೆಸರನ್ನು ಹೊತ್ತ ವಿಮಾನವು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದನ್ನು ತಿಳಿದವರು ಕಡಿಮೆ. ಮಾದರಿಯನ್ನು ಮಾಡುವ ಮೊದಲು ಅದರ ಚರಿತ್ರೆಯನ್ನು ಓದಬೇಕೆಂದು ನಾನು ಹೇಳಿದೆ. ಇಬ್ಬರೂ ಕುಳಿತು ಓದಿದೆವು.

ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಇಂದು ಎಚ್.ಎ.ಎಲ್. ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೂಲ ಅದೇ. ಸ್ವಾತಂತ್ರ್ಯಾನಂತರ, ಜೆಟ್ ಯುದ್ಧವಿಮಾನವನ್ನು ನಾವೇ ರಚಿಸಬೇಕೆಂಬ ಹಂಬಲ ದೇಶಕ್ಕೆ ಹುಟ್ಟಿತು. ಅದಕ್ಕಾಗಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರನ್ನು ಕರೆಸಲಾಯಿತು. ಅವರು ತಮ್ಮ ಸಂಗಡಿಗರೊಂದಿಗೆ 1956ರಲ್ಲಿ ಬೆಂಗಳೂರಿಗೆ ಬಂದು, ಭಾರತೀಯ ಎಂಜಿನಿಯರುಗಳ ಜೊತೆಯಲ್ಲಿ ಕೆಲಸವನ್ನು ಆರಂಭಿಸಿದರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ, ಎರಡು ಎಂಜಿನ್ನುಗಳ, ಹಿಂದಕ್ಕೆ ಬಾಗಿದ ರೆಕ್ಕೆಗಳ ವಿಮಾನ ಅವರ ಗುರಿಯಾಗಿತ್ತು.

ಮೊದಲು ಕಾಗದದ ಮೇಲೆ ನಕ್ಷೆಗಳು ಮೂಡಿದವು. ಬಳಿಕ ಸಣ್ಣ ಮಾದರಿಗಳನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಗಾಳಿಸುರಂಗದಲ್ಲಿ ವಿಮಾನವು ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ. ನಿಂತಿರುವ ಮಾದರಿಯ ಮೇಲೆ ಗಾಳಿಯನ್ನೇ ವೇಗವಾಗಿ ಹಾಯಿಸುತ್ತಾರೆ. ಮೂರನೆಯ ಹೆಜ್ಜೆಯಲ್ಲಿ ಅವರು ಮಾಡಿದ ಕೆಲಸವನ್ನು ಓದಿ ಹುಡುಗಿ ಬೆರಗಾದಳು. ನಿಜವಾದ ವಿಮಾನದಷ್ಟೇ ದೊಡ್ಡದಾದ ಒಂದು ವಿಮಾನವನ್ನು ಅವರು ಮರದಿಂದ ಕಟ್ಟಿದರು! ಅದಕ್ಕೆ 'ಎಕ್ಸ್-241' ಎಂದು ಹೆಸರು. ಇಬ್ಬರು ಕೂರಬಹುದಾಗಿದ್ದ ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಅದನ್ನು ಡಕೋಟ ವಿಮಾನವೊಂದಕ್ಕೆ ಹಗ್ಗದಿಂದ ಕಟ್ಟಿ ಮೇಲಕ್ಕೆ ಎಳೆದೊಯ್ದು, ಆಕಾಶದಲ್ಲಿ ಹಗ್ಗವನ್ನು ಕಳಚಿ ಬಿಟ್ಟರು. ಮರದ ಆ ಹಕ್ಕಿಯು ತೇಲುತ್ತ, ತಿರುಗುತ್ತ ಕೆಳಗಿಳಿಯಿತು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಅದನ್ನು ಹಾರಿಸಿ, ರೆಕ್ಕೆಗಳ ಗುಣದೋಷಗಳನ್ನು ಕಂಡುಕೊಂಡರು.

ಸಣ್ಣ ಮಾದರಿಗಳಿದ್ದಾಗ ಇಷ್ಟು ದೊಡ್ಡ ಮರದ ವಿಮಾನವೇಕೆ? ಇದಕ್ಕೊಂದು ಸ್ವಾರಸ್ಯವಾದ ಕಾರಣವುಂಟು. ವಿಮಾನವನ್ನು ನಾವು ಎಷ್ಟು ಬೇಕಾದರೂ ಕುಗ್ಗಿಸಬಹುದು. ಆದರೆ ಗಾಳಿಯನ್ನು ಕುಗ್ಗಿಸಲಾಗುವುದಿಲ್ಲ. ದೊಡ್ಡ ರೆಕ್ಕೆಯ ಮೇಲೆ ಹರಿಯುವಂತೆಯೇ ಗಾಳಿಯು ಸಣ್ಣ ರೆಕ್ಕೆಯ ಮೇಲೆ ಹರಿಯದು. ಆದಕಾರಣ ಸಣ್ಣ ಮಾದರಿಯು ಹೇಳುವ ಮಾತು ನಿಜವಾದರೂ ಅಪೂರ್ಣ. ಉಳಿದ ಮಾತನ್ನು ಕೇಳಲು ದೊಡ್ಡದನ್ನೇ ಹಾರಿಸಿ ನೋಡಬೇಕು. ಮರದ ವಿಮಾನದಲ್ಲಿ ದೋಷ ಕಂಡರೆ ಕೆತ್ತಿ ತಿದ್ದಬಹುದು. ಲೋಹದ ವಿಮಾನದಲ್ಲಿ ಅದೇ ದೋಷವನ್ನು ತಿದ್ದಲು ಅಪಾರ ಹಣವೂ ವರ್ಷಗಳ ಕಾಲವೂ ಬೇಕು.

ಹುಡುಗಿಯ ತಾತ ಊರಿನ ಬಡಗಿ. ನೇಗಿಲು, ಕುಂಟೆ, ಎತ್ತಿನ ಗಾಡಿಗಳನ್ನು ಮಾಡಿ ಕೈ ಪಳಗಿಸಿಕೊಂಡವರು. ಮರದ ವಿಮಾನದ ಕಥೆ ಅವರನ್ನೂ ನಮ್ಮ ಗುಂಪಿಗೆ ಸೆಳೆಯಿತು. "ನೀನು ಅಳತೆ ಹೇಳು ಮಗಾ, ಮರದ ಮಾತು ನನಗೆ ಬಿಡು" ಎಂದರು.

ಅಳತೆ! ಮಾದರಿಯ ಪ್ರಾಣವೇ ಅದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಮಣ್ಣಿನ ಎತ್ತಿಗೆ ಅಳತೆ ಬೇಕಿಲ್ಲ. ಕೊಂಬು ಉದ್ದವಾದರೂ ಕಾಲು ಗಿಡ್ಡವಾದರೂ ಅದು ಪೂಜೆಗೆ ಸಲ್ಲುತ್ತದೆ. ಅಳತೆಯ ಮಾದರಿಗೆ ಆ ಸ್ವಾತಂತ್ರ್ಯವಿಲ್ಲ. ನಾವು ಆರಿಸಿಕೊಂಡ ಪ್ರಮಾಣ 1:72. ಎಂದರೆ ನಿಜವಾದ ವಿಮಾನದ 72 ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂದು ಹುಡುಗಿ ಕೇಳಿದಳು. ಅದು ಅಡಿ-ಅಂಗುಲಗಳ ಕಾಲದ ಲೆಕ್ಕ. ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಆರಡಿಯ ಆಳು ಈ ಪ್ರಮಾಣದಲ್ಲಿ ಒಂದಂಗುಲದ ಬೊಂಬೆಯಾಗುತ್ತಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆಯು ಇದೇ ಪ್ರಮಾಣದ 5 ಲಕ್ಷ ಮರದ ಮಾದರಿಗಳನ್ನು ಮಾಡಿಕೊಡಿರೆಂದು ತನ್ನ ದೇಶದ ಶಾಲಾಮಕ್ಕಳನ್ನು ಕೇಳಿಕೊಂಡಿತ್ತು. ಆಕಾಶದಲ್ಲಿ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಆಕಾರದಿಂದಲೇ ಗುರುತಿಸಲು ಯೋಧರಿಗೆ ಅವುಗಳಿಂದ ತರಬೇತಿ ಕೊಡುತ್ತಿದ್ದರು. ಮಗುವಿನ ಕೈತಪ್ಪು ಯೋಧನ ಕಣ್ತಪ್ಪಿಗೆ ಕಾರಣವಾಗಬಹುದಾಗಿದ್ದ ಕಾಲವದು.

ಮರುತ್ ವಿಮಾನದ ಉದ್ದ 15.87 ಮೀಟರು, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರು, ಎತ್ತರ 3.6 ಮೀಟರು. ಎಪ್ಪತ್ತೆರಡರಿಂದ ಭಾಗಿಸಿದಾಗ ಮಾದರಿಯ ಉದ್ದ ಸುಮಾರು 22 ಸೆಂಟಿಮೀಟರು, ರೆಕ್ಕೆಗಳ ವಿಸ್ತಾರ ಹನ್ನೆರಡೂವರೆ ಸೆಂಟಿಮೀಟರು, ಎತ್ತರ 5 ಸೆಂಟಿಮೀಟರು. ಕೆತ್ತುವಾಗ ಒಂದು ಮಿಲಿಮೀಟರು ತಪ್ಪಿದರೆ ನಿಜವಾದ ವಿಮಾನದಲ್ಲಿ ಅದು ಏಳು ಸೆಂಟಿಮೀಟರಿಗೂ ಮೀರಿದ ತಪ್ಪು. ಮತ್ತೊಂದು ಲೆಕ್ಕವನ್ನೂ ಹುಡುಗಿ ಮಾಡಿದಳು. ಉದ್ದವು 72ರಲ್ಲಿ ಒಂದು ಪಾಲಾದರೆ, ಗಾತ್ರವು 72ನ್ನು ಮೂರು ಸಲ ಗುಣಿಸಿದಾಗ ಬರುವ 3,73,248ರಲ್ಲಿ ಒಂದು ಪಾಲಾಗುತ್ತದೆ. ಇಂಧನವಿಲ್ಲದ ಮರುತ್‌ನ ತೂಕ ಸುಮಾರು 6,200 ಕಿಲೋಗ್ರಾಂ. ಅದನ್ನು ಇದ್ದಂತೆಯೇ ಕುಗ್ಗಿಸಲು ಸಾಧ್ಯವಾಗುವುದಾದರೆ ಅದು ತೂಗುವುದು ಹದಿನೇಳು ಗ್ರಾಂ ಮಾತ್ರ! ಆರು ಟನ್ನಿನ ವಿಮಾನ ಅಂಗೈಯಲ್ಲಿ ನಾಲ್ಕು ಅಡಕೆಯಷ್ಟೂ ಭಾರವಾಗದು.

ಇನ್ನೊಂದು ತೊಡಕು ಎದುರಾಯಿತು. ಅವಳು ಮಾಡಹೊರಟಿದ್ದುದು ಮರುತ್‌ನ ಮೊತ್ತಮೊದಲ ವಿಮಾನವನ್ನು, ಎಂದರೆ ಮೂಲಮಾದರಿಯನ್ನು. ಕಾರ್ಖಾನೆಯಿಂದ ಸಾಲಾಗಿ ಹೊರಬರುವ ವಿಮಾನಗಳೆಲ್ಲ ಒಂದೇ ತೆರನಾಗಿರುತ್ತವೆ. ಮೂಲಮಾದರಿಯಾದರೋ ದಿನದಿನಕ್ಕೆ ಬದಲಾಗುತ್ತದೆ. ಇಂದಿನ ಹಾರಾಟದಲ್ಲಿ ಕಂಡ ದೋಷಕ್ಕೆ ನಾಳೆ ತೇಪೆ ಬೀಳುತ್ತದೆ. ನಾಡಿದ್ದು ಹೊಸ ಉಪಕರಣ ಸೇರುತ್ತದೆ. ಆದ್ದರಿಂದ ಮೂಲಮಾದರಿಯ ಪ್ರತಿಕೃತಿಯನ್ನು ಮಾಡುವವನು ಯಾವ ವಿಮಾನ ಎಂಬುದರ ಜೊತೆಗೆ ಯಾವ ದಿನದ ವಿಮಾನ ಎಂಬುದನ್ನೂ ನಿರ್ಧರಿಸಬೇಕು. ಅವಳು 1961ನೆಯ ಇಸವಿ ಜೂನ್ 17ನ್ನು ಆರಿಸಿಕೊಂಡಳು. ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು 'ಬಿ.ಆರ್. 461' ಎಂಬ ಸಂಖ್ಯೆಯ ಮರುತ್ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿಗೆ ಏರಿಸಿದ ದಿನ ಅದು.

ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದ ತುಂಡೊಂದನ್ನು ತಾತ ಹೊಂದಿಸಿದರು. ವಿಮಾನದ ಒಡಲನ್ನು ಎಡ ಮತ್ತು ಬಲ ಎಂದು ಉದ್ದಕ್ಕೆ ಸೀಳಿದ ಎರಡು ಹೋಳುಗಳಾಗಿ ಕೆತ್ತಲಾಯಿತು. ರೆಕ್ಕೆಗಳು, ಬಾಲದ ಭಾಗಗಳು, ಗಾಲಿಗಳು ಬೇರೆಬೇರೆ. ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿದ ಈ ಮರದ ಭಾಗಗಳು ಅಚ್ಚಿಗೆ ಮೂಲ ಮಾತ್ರ. ಮಾದರಿಯನ್ನು ಎರಕ ಹೊಯ್ಯಬೇಕಾಗಿದ್ದುದು ರಾಳದಿಂದ.

ರಾಳವೆಂಬುದು ನಮಗೆ ಹೊಸದಲ್ಲ. ಊದುಬತ್ತಿಗೆ ಸೇರಿಸುವ ಹಾಲುಮಡ್ಡಿ ಮರದಿಂದ ಒಸರುವ ರಾಳವೇ. ಇಂದು ಮಾದರಿಕಾರರು ಬಳಸುವುದು ರಸಾಯನಶಾಲೆಯಲ್ಲಿ ತಯಾರಾದ ಕೃತಕ ರಾಳವನ್ನು. ಅದು ಎರಡು ಸೀಸೆಗಳಲ್ಲಿ ಎರಡು ದ್ರವಗಳಾಗಿ ಬರುತ್ತದೆ. ಬೇರೆಬೇರೆ ಇರುವಷ್ಟು ಕಾಲ ಎರಡೂ ನೀರಾಗಿಯೇ ಇರುತ್ತವೆ. ತಕ್ಕ ಪ್ರಮಾಣದಲ್ಲಿ ಬೆರೆಸಿದೊಡನೆ ಅವುಗಳ ನಡುವೆ ರಾಸಾಯನಿಕ ಕ್ರಿಯೆ ಆರಂಭವಾಗುತ್ತದೆ. ಬಟ್ಟಲು ಬಿಸಿಯಾಗುತ್ತದೆ, ತಿಳಿಯಾಗಿದ್ದ ದ್ರವ ಬೆಳ್ಳಗಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದುದನ್ನು ಮೇಣದಂತೆ ಮತ್ತೆ ಕರಗಿಸಲು ಬಾರದು. ಅದರ ಆವಿಯೂ ತಿಕ್ಕಿದಾಗ ಏಳುವ ಧೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಆದ್ದರಿಂದ ಕೈಗವಸು, ಮುಖಗವಸುಗಳನ್ನು ಧರಿಸಿ, ಗಾಳಿಯಾಡುವ ಜಗಲಿಯಲ್ಲಿ, ಹಿರಿಯರ ಎದುರಿನಲ್ಲಿಯೇ ಈ ಕೆಲಸ ನಡೆಯಬೇಕು. ಬೆಂಗಳೂರಿನಲ್ಲಿದ್ದ ಹುಡುಗಿಯ ಸೋದರಮಾವ ರಾಳವನ್ನೂ, ಅಚ್ಚಿಗೆ ಬೇಕಾದ ಸಿಲಿಕೋನ್ ರಬ್ಬರನ್ನೂ ತಂದುಕೊಟ್ಟರು.

ಮರದ ಹೋಳನ್ನು ಹಲಗೆಗೆ ಅಂಟಿಸಿ, ಸುತ್ತ ನಾಲ್ಕು ಗೋಡೆ ಕಟ್ಟಿ, ದ್ರವರೂಪದ ರಬ್ಬರನ್ನು ಒಂದು ಮೂಲೆಯಿಂದ ಮೆಲ್ಲನೆ ಸುರಿದೆವು. ಮರುದಿನ ರಬ್ಬರು ಗಟ್ಟಿಯಾಗಿ, ಮರದ ಹೋಳನ್ನು ಬಿಡಿಸಿದಾಗ ಅದರ ಆಕಾರದ ಗುಂಡಿ ಉಳಿಯಿತು. ಅದೇ ಅಚ್ಚು. ವಿಗ್ರಹ ಮಾಡುವ ಶಿಲ್ಪಿಯು ಮೇಣವನ್ನು ಕರಗಿಸಿ ಲೋಹವನ್ನು ಎರೆದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು; ಒಂದು ಅಚ್ಚಿಗೆ ಒಂದೇ ವಿಗ್ರಹ. ರಬ್ಬರಿನ ಅಚ್ಚು ಬಾಗುವುದರಿಂದ ಒಂದೇ ಅಚ್ಚಿನಲ್ಲಿ ಹಲವು ಬಾರಿ ಎರಕ ಹೊಯ್ಯಬಹುದು. ಈ ಸೌಲಭ್ಯ ನಮಗೆ ಬೇಗನೆ ಉಪಯೋಗಕ್ಕೆ ಬಂದಿತು. ಏಕೆಂದರೆ ಮೊದಲ ಎರಕವು ಕೆಟ್ಟುಹೋಯಿತು.

ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಅಂದೇ ಜಿನುಗುಮಳೆ ಹಿಡಿದಿತ್ತು. ರಾಳದ ಸೀಸೆಯ ಮುಚ್ಚಳವನ್ನು ನಾವು ಬಹಳ ಹೊತ್ತು ತೆರೆದಿಟ್ಟಿದ್ದೆವು. ತೇವ ತಗುಲಿದರೆ ಈ ರಾಳದಲ್ಲಿ ಅನಿಲ ಹುಟ್ಟಿ ನೊರೆಯಾಗುತ್ತದೆ. ಅಚ್ಚಿನಿಂದ ಹೊರಬಂದ ವಿಮಾನದ ಒಡಲು ದೋಸೆಯ ಮೈಯಂತೆ ತೂತುತೂತಾಗಿತ್ತು. ಹುಡುಗಿಯ ಮುಖ ಸಪ್ಪಗಾಯಿತು. ತಾತ ಮಾತ್ರ ಅದನ್ನು ಎಸೆಯಗೊಡಲಿಲ್ಲ. ಅದರ ಮೇಲೆ ಸೀಸದಕಡ್ಡಿಯಿಂದ 'ಒಂದು' ಎಂದು ಬರೆದು ಕಿಟಕಿಯ ಮೇಲಿಟ್ಟರು. ಬಿಸಿಲು ಬಂದ ದಿನ ಹೊಯ್ದ ಎರಡನೆಯ ಎರಕ ಚೆನ್ನಾಗಿ ಬಂದಿತು. ತೆಳುವಾದ ರೆಕ್ಕೆಯೊಂದು ಸೊಟ್ಟಗಾಗಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಸಮತಲದ ಮೇಲೆ ಒತ್ತಿಟ್ಟು ನೆಟ್ಟಗೆ ಮಾಡಿದೆವು. ಅಚ್ಚಿನ ಜಿಡ್ಡು ಹೋಗುವಂತೆ ಎಲ್ಲ ಭಾಗಗಳನ್ನೂ ಸಾಬೂನಿನಿಂದ ತೊಳೆದು, ಧೂಳೇಳದಂತೆ ನೀರಿನಲ್ಲಿ ನೆನೆಸಿದ ಕಾಗದದಿಂದ ತಿಕ್ಕಿ, ಹೋಳುಗಳನ್ನು ಅಂಟಿಸಿದೆವು. ಸಂದುಗಳಲ್ಲಿ ಲಪ್ಪ ತುಂಬಿ, ಮತ್ತೆ ತಿಕ್ಕಿ, ಬಣ್ಣ ಬಳಿದು, ಸಂಖ್ಯೆಯನ್ನು ಬರೆದದ್ದಾಯಿತು. ಕೊನೆಯಲ್ಲಿ ಮೂತಿಯ ಕೆಳಗೆ ಒಂದು, ರೆಕ್ಕೆಗಳ ಕೆಳಗೆ ಎರಡು, ಹೀಗೆ ಗಾಲಿಗಳ ಮೂರು ಕಾಲುಗಳನ್ನು ಜೋಡಿಸಿದಳು. ಪ್ರದರ್ಶನಕ್ಕೆ ಇನ್ನು ಎರಡು ದಿನವಿತ್ತು.

ಹುಡುಗಿ ವಿಮಾನವನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಅದು ಒಂದು ಕ್ಷಣ ನಿಂತಂತೆ ಮಾಡಿ, ಮೂತಿಯನ್ನು ಮೇಲೆತ್ತಿ, ಬಾಲದ ಮೇಲೆ ಕುಳಿತುಬಿಟ್ಟಿತು. ಮತ್ತೆ ನಿಲ್ಲಿಸಿದಳು, ಮತ್ತೆ ಕುಳಿತಿತು. ದಣಿದ ಎಮ್ಮೆಯನ್ನು ಎಬ್ಬಿಸಿದಂತಾಯಿತು ನಮ್ಮ ಸ್ಥಿತಿ.

ಕಾರಣ ಸರಳವಾಗಿತ್ತು. ಮೂರು ಗಾಲಿಗಳು ನೆಲವನ್ನು ಮುಟ್ಟುವ ಬಿಂದುಗಳಿಂದ ಒಂದು ತ್ರಿಕೋನವಾಗುತ್ತದೆ. ವಿಮಾನದ ಗುರುತ್ವಕೇಂದ್ರವು ಆ ತ್ರಿಕೋನದ ಮೇಲೆ ಇದ್ದರೆ ವಿಮಾನ ನಿಲ್ಲುತ್ತದೆ. ಹಿಂದಿನ ಗಾಲಿಗಳನ್ನೂ ದಾಟಿ ಹಿಂದಕ್ಕೆ ಸರಿದರೆ ಬಾಲದ ಮೇಲೆ ಕೂರುತ್ತದೆ. ನಿಜವಾದ ವಿಮಾನದಲ್ಲಿ ಪ್ರತಿಯೊಂದು ಉಪಕರಣದ ಭಾರವನ್ನೂ ಲೆಕ್ಕ ಹಾಕಿ ಹಂಚಿರುತ್ತಾರೆ. ನಮ್ಮ ಮಾದರಿಯಲ್ಲಿ ಎಲ್ಲೆಡೆಯೂ ಒಂದೇ ರಾಳ. ಹೋಳುಗಳನ್ನು ಅಂಟಿಸುವ ಮೊದಲೇ ಮೂತಿಯನ್ನು ಒಳಗೆ ಕೊರೆದು ಅಲ್ಲಿ ಭಾರವನ್ನು ಇಡಬೇಕಾಗಿತ್ತು. ಹೊರಗಿನ ಉದ್ದ ಅಗಲಗಳನ್ನು ಮಿಲಿಮೀಟರಿನವರೆಗೆ ಅಳೆದ ನಾವು ಕಣ್ಣಿಗೆ ಕಾಣದ ಭಾರವನ್ನು ಅಳೆಯಲು ಮರೆತಿದ್ದೆವು.

ಈಗ ಏನು ಮಾಡುವುದು? ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. "ಗಾಲಿಗಳನ್ನು ಹಲಗೆಗೆ ಅಂಟಿಸಿಬಿಡಮ್ಮ. ನೋಡುವವರಿಗೆ ಗೊತ್ತಾಗುವುದಿಲ್ಲ. ಇರುವುದು ಎರಡೇ ದಿನ" ಎಂದೆ. ಪಾಠ ಹೇಳುವ ವೃತ್ತಿಯಲ್ಲಿ ತಲೆ ನರೆತವನ ಬಾಯಿಂದ ಬಂದ ಮಾತು! ಹುಡುಗಿ ತಾತನ ಮುಖವನ್ನು ನೋಡಿದಳು. ಅವರು ವಿಮಾನವನ್ನು ಕೈಗೆ ತೆಗೆದುಕೊಂಡು, ಬೆರಳಿನ ಮೇಲೆ ತೂಗಿ ನೋಡುತ್ತ, "ಅಂಟಿಸಿದ್ರೆ ನಿಂತ್ಕಂತದೆ ಮೇಷ್ಟ್ರೇ. ಆದ್ರೆ ನಿಂತಿರೋದು ವಿಮಾನ ಅಲ್ಲ, ಅಂಟು" ಎಂದರು.

ನನಗೆ ಮುಂದೆ ಮಾತು ಹೊರಡಲಿಲ್ಲ. ಹುಡುಗಿ ಕೈಭೈರಿಗೆಯನ್ನು ತೆಗೆದುಕೊಂಡಳು. ಮುಂದಿನ ಗಾಲಿಯನ್ನು ಕಿತ್ತು, ಅದರ ಕುಳಿಯ ಮೂಲಕ ಮೂತಿಯೊಳಕ್ಕೆ ನಿಧಾನವಾಗಿ ರಂಧ್ರವನ್ನು ಕೊರೆದಳು. ವಾರವೆಲ್ಲ ಶ್ರಮಪಟ್ಟು ಬಳಿದಿದ್ದ ಬಣ್ಣದ ಮೇಲೆ ಗೀರುಗಳು ಬಿದ್ದವು. ಸೈಕಲ್ ರಿಪೇರಿಯವನ ಬಳಿಯಿಂದ ತಂದ ಉಕ್ಕಿನ ಸಣ್ಣ ಗುಂಡುಗಳನ್ನು ಒಂದೊಂದಾಗಿ ಒಳಗಿಟ್ಟು, ಪ್ರತಿಸಲವೂ ನಿಲ್ಲಿಸಿ ನೋಡಿದಳು. ಆದಷ್ಟೂ ಮುಂದಿನ ತುದಿಗೆ ಇಟ್ಟರೆ ಸ್ವಲ್ಪ ಭಾರವೇ ಸಾಕಾಗುತ್ತದೆ; ಏತದ ಉದ್ದನೆಯ ತುದಿಯಲ್ಲಿ ನಿಂತ ಹುಡುಗನೂ ನೀರು ತುಂಬಿದ ಭಾರವಾದ ಪಾತ್ರೆಯನ್ನು ಎತ್ತಬಲ್ಲನಷ್ಟೆ. ಎಂಟನೆಯ ಗುಂಡಿಗೂ ವಿಮಾನ ಬಾಲವನ್ನು ಬಿಡಲಿಲ್ಲ. ಒಂಬತ್ತನೆಯ ಗುಂಡು ಒಳಗೆ ಬಿದ್ದಾಗ ಮೂತಿ ಮೆಲ್ಲನೆ ಬಾಗಿತು. ಮುಂದಿನ ಗಾಲಿ ಮೇಜನ್ನು ಮುಟ್ಟಿತು. ಮರುತ್ ತನ್ನ ಕಾಲ ಮೇಲೆ ತಾನು ನಿಂತಿತು.

ನಮ್ಮ ಮಾದರಿಯ ದೋಷವು ಒಂಬತ್ತು ಗುಂಡುಗಳಿಂದ ತೀರಿತು. ನಿಜವಾದ ಮರುತ್‌ಗೆ ಅಂಥ ಅದೃಷ್ಟವಿರಲಿಲ್ಲ. ಯಾವ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರಚಿಸಿದ್ದರೋ ಆ ಎಂಜಿನ್ನಿನ ಬೆಳವಣಿಗೆ ಇಂಗ್ಲೆಂಡಿನಲ್ಲಿ ಪೂರ್ಣವಾಗಲೇ ಇಲ್ಲ. ದೊರೆತದ್ದು ಅದಕ್ಕಿಂತ ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್. ಶಬ್ದದ ಎರಡರಷ್ಟು ವೇಗದ ಕನಸಿನಿಂದ ಹುಟ್ಟಿದ ವಿಮಾನವು ಶಬ್ದದ ವೇಗದ ಆಸುಪಾಸಿನಲ್ಲಿಯೇ ನಿಲ್ಲಬೇಕಾಯಿತು. ಅದರ ಮೈಕಟ್ಟು ಸೊಗಸಾಗಿತ್ತು, ಕೊರತೆಯಿದ್ದುದು ಉಸಿರಿನಲ್ಲಿ. ಹಾಗಿದ್ದರೂ ಅದು ವ್ಯರ್ಥವಾಗಲಿಲ್ಲ. 1967ರಲ್ಲಿ ವಾಯುಪಡೆಯ ಸೇವೆಗೆ ಸೇರಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಪರಾಕ್ರಮದಿಂದ ಹೋರಾಡಿತು. ಒಟ್ಟು 147 ಮರುತ್ ವಿಮಾನಗಳು ನಿರ್ಮಾಣವಾದವು. 1990ರ ವೇಳೆಗೆ ಅವೆಲ್ಲ ನಿವೃತ್ತಿ ಹೊಂದಿದವು.

ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಅಂಥದೊಂದು ಪರೀಕ್ಷಾ ವಿಮಾನವನ್ನು 1970ನೆಯ ಇಸವಿ ಜನವರಿ 10ರಂದು ಬೆಂಗಳೂರಿನಲ್ಲಿ ಮೇಲಕ್ಕೇರಿಸುತ್ತಿದ್ದಾಗ ಅಪಘಾತ ಸಂಭವಿಸಿ ಅದರ ಚಾಲಕರು ಮೃತರಾದರು. ಅವರು ಬೇರೆ ಯಾರೂ ಅಲ್ಲ. ಮೊದಲ ಮರುತ್ ವಿಮಾನವನ್ನು ಹಾರಿಸಿದ್ದ, ಆ ವೇಳೆಗೆ ಗ್ರೂಪ್ ಕ್ಯಾಪ್ಟನ್ ಆಗಿದ್ದ ಸುರಂಜನ್ ದಾಸ್. ಬೆಂಗಳೂರಿನ ಪೂರ್ವಭಾಗದಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ದಿನವೂ ಸಾವಿರಾರು ಜನ ಆ ರಸ್ತೆಯಲ್ಲಿ ಓಡಾಡುತ್ತಾರೆ. ಹೊಸ ವಿಮಾನದಲ್ಲಿ ಅಡಗಿರುವ ದೋಷವನ್ನು ಹುಡುಕಲು ತಾನೇ ಅದರೊಳಗೆ ಕುಳಿತು ಮೇಲೇರುವವನೇ ಪರೀಕ್ಷಾ ಚಾಲಕ. ಅವನು ಕಂಡುಹಿಡಿದ ಒಂದೊಂದು ದೋಷವೂ ಮುಂದೆ ಹಾರಲಿರುವ ಎಷ್ಟೋ ಚಾಲಕರ ಪಾಲಿಗೆ ಉಳಿದ ಆಯುಷ್ಯ.

ಈ ಚರಿತ್ರೆಯನ್ನು ಓದಿ ಮುಗಿಸಿದ ದಿನ, ಹುಡುಗಿ ಆಗಸ್ಟ್ ತಿಂಗಳಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ನಮ್ಮಿಬ್ಬರಿಗೂ ಹೊಳೆಯಿತು. ತಪ್ಪಿಲ್ಲದೆ ಹುಟ್ಟುವ ಯಂತ್ರವಿಲ್ಲ. ತಪ್ಪು ಎಲ್ಲಿ, ಯಾವಾಗ ಸಿಕ್ಕಿಬೀಳುತ್ತದೆ ಎಂಬುದೇ ಮುಖ್ಯ. ಕಾಗದದ ಮೇಲೆ ಸಿಕ್ಕರೆ ಅಳಿಸಲು ರಬ್ಬರು ಸಾಕು. ಗಾಳಿಸುರಂಗದಲ್ಲಿ ಸಿಕ್ಕರೆ ಒಂದು ಸಣ್ಣ ಮಾದರಿ ಹಾಳಾದೀತು. ಮರದ ವಿಮಾನದಲ್ಲಿ ಸಿಕ್ಕರೆ ಕೆಲವು ತಿಂಗಳುಗಳ ಶ್ರಮ ಹೋದೀತು. ಚಾಲಕನಿಲ್ಲದ ಮೂಲಮಾದರಿಯಲ್ಲಿ ಸಿಕ್ಕರೆ ಹೊಲದಲ್ಲೊಂದು ವಿಮಾನ ಬಿದ್ದೀತು. ನಷ್ಟ ದೊಡ್ಡದೇ, ಆದರೆ ಒಳಗೆ ಮನುಷ್ಯನಿಲ್ಲ. ಇವೆಲ್ಲವನ್ನೂ ದಾಟಿ ಉಳಿದುಕೊಂಡ ತಪ್ಪು ಮನುಷ್ಯನ ಪ್ರಾಣವನ್ನೇ ಕೇಳುತ್ತದೆ. ಆದುದರಿಂದ ವದ್ದಿಕೆರೆಯ ಹೊಲದಲ್ಲಿ ಬಿದ್ದದ್ದು ನಾಚಿಕೆಪಡಬೇಕಾದ ವಸ್ತುವಲ್ಲ. ಅದು ಏಕೆ ಬಿದ್ದಿತೆಂದು ಹುಡುಕದೆ ಬಿಟ್ಟರೆ, ಅಥವಾ ಹುಡುಕಿದ್ದನ್ನು ಮುಚ್ಚಿಟ್ಟರೆ, ಆಗ ನಾಚಿಕೆಪಡಬೇಕು.

ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಬಯಲಿನಲ್ಲಿ ವಿಮಾನಗಳ ಪರೀಕ್ಷೆಗೆಂದೇ ನಿರ್ಮಿಸಿದ ನೆಲೆಯಿದೆ. ಬಾಲವಿಲ್ಲದ, ಬರಿಯ ರೆಕ್ಕೆಯಂಥ ಮಾನವರಹಿತ ವಿಮಾನವೊಂದು 2022ರ ಜುಲೈ 1ರಂದು ಅಲ್ಲಿ ಮೊದಲ ಬಾರಿಗೆ ತಾನಾಗಿಯೇ ಮೇಲೇರಿ ಇಳಿಯಿತು. 2023ರ ಏಪ್ರಿಲ್ 2ರಂದು ಬಾಹ್ಯಾಕಾಶ ಸಂಸ್ಥೆಯವರು ರೆಕ್ಕೆಗಳುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ಯಾರ ಸಹಾಯವೂ ಇಲ್ಲದೆ ತೇಲಿಬಂದು ಓಡುದಾರಿಯ ಮೇಲೆ ಇಳಿಯಿತು. ಮೇಲಕ್ಕೆ ಒಯ್ದು ಬಿಡುವುದು, ಇಳಿಯುವುದನ್ನು ನೋಡಿ ಕಲಿಯುವುದು: 1959ರಲ್ಲಿ ಬೆಂಗಳೂರಿನ ಮರದ ವಿಮಾನ ಹಿಡಿದಿದ್ದ ದಾರಿಯೇ ಇದು.

ಪ್ರದರ್ಶನದ ದಿನ ಹುಡುಗಿ ತನ್ನ ಮೇಜಿನ ಮೇಲೆ ಎರಡು ವಸ್ತುಗಳನ್ನು ಇಟ್ಟಿದ್ದಳು. ಒಂದು, ಮೂರು ಗಾಲಿಗಳ ಮೇಲೆ ನೆಟ್ಟಗೆ ನಿಂತ ಮರುತ್. ಇನ್ನೊಂದು, ತೂತು ಬಿದ್ದ ಮೊದಲ ಎರಕ. ಮುಂದೆ ಇದ್ದ ರಟ್ಟಿನ ಮೇಲೆ ಹೀಗೆ ಬರೆದಿತ್ತು: "ಇದು ಮೊದಲು ಬಾಲದ ಮೇಲೆ ಕುಳಿತಿತ್ತು. ಕಾರಣ, ಮೂತಿಯಲ್ಲಿ ಭಾರ ಸಾಲದೆ ಇದ್ದುದು. ಒಂಬತ್ತು ಉಕ್ಕಿನ ಗುಂಡುಗಳಿಂದ ಸರಿಪಡಿಸಲಾಗಿದೆ. ಕೆಳಭಾಗದ ಗೀರುಗಳು ಆಗ ಆದವು." ಬಹುಮಾನವು ಬೇರೊಂದು ಮಾದರಿಗೆ ಸಂದಿತು. ಮರಳಿ ಬರುವಾಗ ಅವಳು ವಿಮಾನವನ್ನು ತಲೆಕೆಳಗಾಗಿ ಹಿಡಿದು ಆ ಗೀರುಗಳನ್ನೇ ನೋಡುತ್ತಿದ್ದಳು. "ಇದಕ್ಕೆ ಮತ್ತೆ ಬಣ್ಣ ಹಚ್ಚುವೆಯಾ?" ಎಂದು ಕೇಳಿದೆ. "ಬೇಡ ಸಾರ್. ಮುಂದಿನದನ್ನು ಮಾಡುವಾಗ ಇದು ನೆನಪಿರಬೇಕು" ಎಂದಳು.

ಪದಗಳ ಅರ್ಥ

ಮೂಲಮಾದರಿ – ಪರೀಕ್ಷೆಗಾಗಿ ಮೊದಲು ನಿರ್ಮಿಸುವ ಯಂತ್ರ
ಪ್ರತಿಕೃತಿ – ಮೂಲವನ್ನು ಹೋಲುವ ರಚನೆ
ರಾಳ – ಮರದಿಂದ ಒಸರುವ ಅಂಟು. ಅದನ್ನು ಹೋಲುವ ಕೃತಕ ವಸ್ತು
ಎರಕ – ಅಚ್ಚಿಗೆ ದ್ರವವನ್ನು ಹೊಯ್ದು ಮಾಡಿದ ವಸ್ತು
ಭೈರಿಗೆ – ತೂತು ಕೊರೆಯುವ ಸಾಧನ
ಲಪ್ಪ – ಸಂದುಗಳನ್ನು ಮುಚ್ಚುವ ಮೆತು ಪದಾರ್ಥ
ಏತ – ಬಾವಿಯಿಂದ ನೀರೆತ್ತುವ ಸಾಧನ
ಗುರುತ್ವಕೇಂದ್ರ – ವಸ್ತುವಿನ ಭಾರವೆಲ್ಲ ನೆಲಸಿದಂತಿರುವ ಬಿಂದು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಮರುತ್' ಎಂಬ ಪದದ ಅರ್ಥವೇನು?
2. ಮರುತ್‌ನ ಮೊದಲ ವಿಮಾನವನ್ನು ಹಾರಿಸಿದವರು ಯಾರು?
3. ಮೊದಲ ಎರಕವು ಕೆಟ್ಟುಹೋಗಲು ಕಾರಣವೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಣ್ಣ ಮಾದರಿಗಳಿದ್ದರೂ ಪೂರ್ಣ ಗಾತ್ರದ ಮರದ ವಿಮಾನವನ್ನು ಏಕೆ ಕಟ್ಟಿದರು?
2. ಮೂಲಮಾದರಿಯ ಪ್ರತಿಕೃತಿಯನ್ನು ಮಾಡುವವನು ದಿನವನ್ನೂ ನಿರ್ಧರಿಸಬೇಕಾಗುವುದೇಕೆ?
3. ವಿಮಾನದ ಮಾದರಿಯು ಬಾಲದ ಮೇಲೆ ಕುಳಿತುದಕ್ಕೆ ಕಾರಣವನ್ನು ವಿವರಿಸಿರಿ.

ಇ) ಸಂದರ್ಭದೊಡನೆ ವಿವರಿಸಿರಿ.
1. "ನಿಂತಿರೋದು ವಿಮಾನ ಅಲ್ಲ, ಅಂಟು."
2. "ಮುಂದಿನದನ್ನು ಮಾಡುವಾಗ ಇದು ನೆನಪಿರಬೇಕು."

ಈ) ನೀವು ಮಾಡಿದ ವಸ್ತುವೊಂದರಲ್ಲಿ ಕಂಡ ತಪ್ಪನ್ನೂ ಅದನ್ನು ತಿದ್ದಿದ ಬಗೆಯನ್ನೂ ಹದಿನೈದು ವಾಕ್ಯಗಳಲ್ಲಿ ಬರೆಯಿರಿ.